ಕೂಡಿಬರುವ ಮಾತುಗಳು

ಹಾಸನದ ಬಸ್ಸು ನಿಲ್ದಾಣದಲ್ಲಿ ಬೆಳಗಿನ ಹೊತ್ತು ಸ್ವಲ್ಪ ಕಾಲ ನಿಂತು ನೋಡಿರಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯಿಂದ ಬರುವ ಬಸ್ಸುಗಳಿಂದ ಚೀಲ ಹೊತ್ತ ಮಕ್ಕಳು ಗುಂಪುಗುಂಪಾಗಿ ಇಳಿಯುತ್ತಾರೆ. ಅವರಲ್ಲಿ ಒಬ್ಬನನ್ನು ಕರೆದು, “ಯಾವ ಶಾಲೆಯಪ್ಪಾ?” ಎಂದು ಕೇಳಿದರೆ, “ಕಾನ್ವೆಂಟು” ಎಂದು ತಲೆಯೆತ್ತಿ ಹೇಳುತ್ತಾನೆ. ಅವನ ಪಕ್ಕದಲ್ಲಿ ನಿಂತ ಇನ್ನೊಬ್ಬ, “ಸರ್ಕಾರಿ ಶಾಲೆ” ಎನ್ನುವಾಗ ದನಿ ಒಂದಿಷ್ಟು ತಗ್ಗುತ್ತದೆ. ಒಂದು ಪದ ಒಬ್ಬನ ತಲೆಯನ್ನು ಎತ್ತಿಸುತ್ತದೆ, ಮತ್ತೊಬ್ಬನ ದನಿಯನ್ನು ತಗ್ಗಿಸುತ್ತದೆ. ಹಾಗಾದರೆ ಆ ಪದದಲ್ಲಿ ಅಂಥದೇನಿದೆ ಎಂದು ವಿಚಾರಿಸುವುದು ಅವಶ್ಯಕವಲ್ಲವೆ?

ಬಹಳ ವರ್ಷಗಳ ಹಿಂದೆ ಅರಕಲಗೂಡಿನ ಕಡೆಗೆ ಹೋಗುವ ಬಸ್ಸಿನಲ್ಲಿ ನಾನು ಕೇಳಿದ ಒಂದು ಸಂಭಾಷಣೆ ಈಗಲೂ ನೆನಪಿದೆ. ನನ್ನ ಮುಂದಿನ ಆಸನದಲ್ಲಿ ಒಬ್ಬ ಅಜ್ಜಿಯೂ ಆಕೆಯ ಮೊಮ್ಮಗಳೂ ಕುಳಿತಿದ್ದರು.

“ಅಜ್ಜಿ, ಬರೋ ವರ್ಷ ನನ್ನ ಕಾನ್ವೆಂಟಿಗೆ ಸೇರಿಸ್ತಾರಂತೆ.”

“ಹಂಗಂದ್ರೇನವ್ವಾ?”

“ಇಂಗ್ಲೀಷ್ ಇಸ್ಕೂಲು ಅಜ್ಜಿ.”

“ಓ, ಮಠಾನಾ? ನಿಮ್ಮ ತಾತಾನೂ ಮಠಕ್ಕೆ ಹೋಗಿದ್ರು ಕಣವ್ವಾ. ಮರಳಿನ ಮೇಲೆ ಬೆರಳಲ್ಲಿ ಬರೀತಿದ್ರಂತೆ.”

ಹುಡುಗಿ ಕಿಲಕಿಲನೆ ನಕ್ಕಳು. ಅಜ್ಜಿಗೆ ಏನೂ ತಿಳಿಯದು ಎಂದು ಆಕೆ ಎಣಿಸಿರಬೇಕು. ಹತ್ತಿರ ಕುಳಿತಿದ್ದ ಒಬ್ಬಿಬ್ಬರು ದೊಡ್ಡವರೂ ನಕ್ಕರು. ಆದರೆ ಮನೆಗೆ ಬಂದು ನಿಘಂಟನ್ನು ತೆರೆದು ನೋಡಿದಾಗ ನಗಬೇಕಾದದ್ದು ಯಾರನ್ನು ಕುರಿತು ಎಂಬ ಸಂದೇಹ ನನಗೆ ಉಂಟಾಯಿತು. ಇಂಗ್ಲಿಷ್ ಅಕ್ಷರವನ್ನೇ ಅರಿಯದ ಆ ವೃದ್ಧೆ ‘ಕಾನ್ವೆಂಟ್’ ಎಂಬ ಮಾತಿಗೆ ಕೊಟ್ಟ ಅರ್ಥ ಅಕ್ಷರಶಃ ಸರಿಯಾಗಿತ್ತು.

ಲ್ಯಾಟಿನ್ ಭಾಷೆಯಲ್ಲಿ ‘ಕಾನ್’ ಎಂದರೆ ಕೂಡಿ, ಒಟ್ಟಾಗಿ ಎಂದರ್ಥ. ‘ವೆನಿರೆ’ ಎಂದರೆ ಬರುವುದು. ಇವೆರಡೂ ಸೇರಿ ‘ಕಾನ್ವೆಂಟುಸ್’ ಎಂಬ ಪದವಾಯಿತು. ಒಟ್ಟಾಗಿ ಬಂದು ಸೇರಿದವರ ಗುಂಪು ಎಂಬುದು ಅದರ ಮೊದಲ ಅರ್ಥ. ಅದರಿಂದ ಹುಟ್ಟಿದ ಇಂಗ್ಲಿಷ್ ಪದಗಳು ಒಂದೆರಡಲ್ಲ. ಒಂದು ವ್ರತವನ್ನು ಹಿಡಿದು ಒಂದೇ ಸೂರಿನ ಕೆಳಗೆ ಬಾಳಲು ಬಂದವರ ನೆಲೆ ‘ಕಾನ್ವೆಂಟ್’. ಒಂದು ಕಾರ್ಯಕ್ಕಾಗಿ ಬಂದು ಸೇರುವ ದೊಡ್ಡ ಸಭೆ ‘ಕನ್ವೆನ್ಷನ್’. ಸಭೆಯನ್ನು ಕರೆಯುವವನು ‘ಕನ್ವೀನರ್’. ನಮ್ಮಲ್ಲಿ ಅವನನ್ನು ಸಂಚಾಲಕ ಎನ್ನುತ್ತೇವೆ. ಕೂಡಿದವರು ಮಾಡಿಕೊಂಡ ಗಂಭೀರವಾದ ಒಪ್ಪಂದ ‘ಕವನೆಂಟ್’. ಇಷ್ಟೇ ಅಲ್ಲ, ನಾವು ದಿನಬಳಕೆಯಲ್ಲಿ ಅನುಕೂಲ ಎಂಬರ್ಥದಲ್ಲಿ ಆಡುವ ‘ಕನ್ವೀನಿಯೆಂಟ್’ ಎಂಬ ಮಾತೂ ಇದೇ ಮನೆಯ ಮಗು. ಒಟ್ಟಾಗಿ ಬಂದದ್ದು ಒಂದಕ್ಕೊಂದು ಹೊಂದುತ್ತದೆ, ಹೊಂದಿದ್ದು ಅನುಕೂಲವಾಗುತ್ತದೆ. ಇದು ಇಂಗ್ಲಿಷಿನವರಿಗೆ ಮಾತ್ರ ಹೊಳೆದ ವಿಚಾರವೆಂದು ತಿಳಿಯಬೇಡಿ. “ಕಾಲ ಕೂಡಿಬಂತು”, “ಕಂಕಣಬಲ ಕೂಡಿಬಂತು” ಎಂದು ನಮ್ಮ ಹಿರಿಯರು ಹೇಳುವುದನ್ನು ನೀವು ಕೇಳಿಲ್ಲವೆ? ಕೂಡಿ ಬರುವುದೆಂದರೆ ಅನುಕೂಲವಾಗುವುದೆಂದು ಕನ್ನಡವೂ ತಾನಾಗಿಯೇ ಕಂಡುಕೊಂಡಿದೆ.

ಲ್ಯಾಟಿನ್ನಿನ ‘ಕಾನ್’ ಮಾಡುವ ಕೆಲಸವನ್ನು ಸಂಸ್ಕೃತದಲ್ಲಿ ‘ಸಂ’ ಎಂಬ ಉಪಸರ್ಗವೂ, ಕನ್ನಡದಲ್ಲಿ ‘ಒಡ’, ‘ಕೂಡ’ ಎಂಬ ಮಾತುಗಳೂ ಮಾಡುತ್ತವೆ. ಒಡಹುಟ್ಟಿದವರು, ಒಡನಾಡಿ, ಒಡಂಬಡಿಕೆ ಎಂಬ ಪದಗಳನ್ನು ನೆನಪಿಗೆ ತಂದುಕೊಳ್ಳಿ. ‘ಸಮಿತಿ’ ಎಂಬ ಪದವನ್ನು ಬಿಡಿಸಿದರೆ ಸಂ, ಇತಿ ಎಂದಾಗುತ್ತದೆ. ‘ಇ’ ಎಂಬ ಧಾತುವಿಗೆ ಹೋಗು ಎಂಬ ಅರ್ಥವಿದೆ. ಆದ್ದರಿಂದ ಸಮಿತಿ ಎಂದರೂ ಒಟ್ಟಾಗಿ ಬಂದು ಸೇರುವುದೇ. ಅಥರ್ವವೇದದಲ್ಲಿ ಸಭೆ ಮತ್ತು ಸಮಿತಿಗಳನ್ನು ಪ್ರಜಾಪತಿಯ ಇಬ್ಬರು ಹೆಣ್ಣುಮಕ್ಕಳೆಂದು ಕರೆದಿದ್ದಾರೆ. ಈಗ ನಾವು ಸಮಿತಿಯನ್ನು ‘ಕಮಿಟಿ’ಗೆ ಪ್ರತಿಪದವಾಗಿ ಬಳಸುತ್ತೇವಾದರೂ ಪದದ ಬೇರನ್ನು ನೋಡಿದರೆ ಅದು ‘ಕನ್ವೆನ್ಷನ್’ ಎಂಬುದರ ಅವಳಿ. ‘ಕಮಿಟಿ’ಯ ಬೇರು ಬೇರೆ, ಒಂದು ಕೆಲಸವನ್ನು ವಹಿಸಿಕೊಟ್ಟವರ ತಂಡವೆಂದು ಅದರ ತಾತ್ಪರ್ಯ.

ವ್ಯಾಕರಣದ ಪಾಠದಲ್ಲಿ ಸಂಧಿಯನ್ನು ಓದಿರುವ ನಿಮಗೆ ಇಲ್ಲೊಂದು ಸ್ವಾರಸ್ಯ ಕಾಣಬಹುದು. ‘ಕಾನ್’ ಎಂಬುದು ಮುಂದಿನ ಅಕ್ಷರಕ್ಕೆ ತಕ್ಕಂತೆ ರೂಪ ಬದಲಿಸುತ್ತದೆ. ಮಕಾರದ ಮುಂದೆ ‘ಕಮ್’ ಆಗಿ ‘ಕಮಿಟಿ’ಯಲ್ಲಿ ನಿಲ್ಲುತ್ತದೆ, ಲಕಾರದ ಮುಂದೆ ‘ಕಲ್’ ಆಗಿ ‘ಕಾಲೇಜಿ’ನಲ್ಲಿ ಅಡಗುತ್ತದೆ. ನಮ್ಮ ‘ಸಂ’ ಸಹ ಹಾಗೆಯೇ ಸಮ್ಮೇಳನದಲ್ಲಿ ಮಕಾರವಾಗಿ, ಸಲ್ಲಾಪದಲ್ಲಿ ಲಕಾರವಾಗಿ ಬೆರೆತುಹೋಗುತ್ತದೆ. ನಾಲಗೆಯ ಸೌಕರ್ಯವನ್ನು ಅರಸುವುದರಲ್ಲಿ ರೋಮಿನವನಿಗೂ ನಮಗೂ ಭೇದವಿಲ್ಲ.

ಈಗ ಕಾನ್ವೆಂಟಿನ ವಿಚಾರಕ್ಕೆ ಮರಳೋಣ. ಯೂರೋಪಿನಲ್ಲಿ ಮೊದಮೊದಲು ಗಂಡಸರ ಧಾರ್ಮಿಕ ನೆಲೆಗಳಿಗೂ ಹೆಂಗಸರ ನೆಲೆಗಳಿಗೂ ಈ ಹೆಸರು ಸಲ್ಲುತ್ತಿತ್ತು. ಲಂಡನ್ ನಗರದಲ್ಲಿ ‘ಕಾವೆಂಟ್ ಗಾರ್ಡನ್’ ಎಂಬ ಪ್ರಸಿದ್ಧ ಸ್ಥಳವಿದೆ. ಅದು ಹಿಂದೆ ವೆಸ್ಟ್‌ಮಿನ್‌ಸ್ಟರಿನ ಸಂನ್ಯಾಸಿಗಳ ಕಾಯಿಪಲ್ಯದ ತೋಟವಾಗಿತ್ತು. ಕಾನ್ವೆಂಟಿನ ಹಳೆಯ ರೂಪವೇ ಕಾವೆಂಟ್. ಕಾಲಕ್ರಮದಲ್ಲಿ ಇಂಗ್ಲಿಷಿನಲ್ಲಿ ಗಂಡಸರ ನೆಲೆಗೆ ‘ಮೊನಾಸ್ಟರಿ’ ಎಂಬ ಹೆಸರು ನಿಂತು, ‘ಕಾನ್ವೆಂಟ್’ ಎಂಬುದು ಸಂನ್ಯಾಸಿನಿಯರ ನೆಲೆಗೆ ಮೀಸಲಾಯಿತು. ‘ಮೊನಾಸ್ಟರಿ’ಯ ಗ್ರೀಕ್ ಮೂಲವಾದ ‘ಮೊನೊಸ್’ ಎಂಬುದಕ್ಕೆ ಒಂಟಿ ಎಂದರ್ಥ. ಒಂಟಿಯಾಗಿ ಬಾಳಲು ಬಯಸಿದವರ ಮನೆಗೆ ಒಂದು ಹೆಸರು, ಕೂಡಿ ಬಾಳಲು ಬಂದವರ ಮನೆಗೆ ಇನ್ನೊಂದು ಹೆಸರು. ಆದರೆ ಎರಡು ಮನೆಗಳೂ ಒಂದೇ ಬಗೆಯವು! ಲೋಕವನ್ನು ಬಿಟ್ಟವರಿಗೂ ಜೊತೆಯವರು ಬೇಕು ಎಂಬುದು ಇದರಿಂದ ವಿದಿತವಾಗುತ್ತದೆ. ಸಂನ್ಯಾಸಿನಿಯನ್ನು ಹೇಳುವ ‘ನನ್’ ಎಂಬ ಪದ ಹಿರಿಯ ಹೆಂಗಸನ್ನು ಗೌರವದಿಂದ ಕರೆಯುವ ‘ನೊನ್ನ’ ಎಂಬ ಮಾತಿನಿಂದ ಬಂದಿದೆ. ಮಠಾಧಿಪತಿಯನ್ನು ಹೇಳುವ ‘ಆಬಟ್’ ಎಂಬುದು ತಂದೆ ಎಂಬರ್ಥದ ‘ಅಬ್ಬ’ ಎಂಬ ಅರಾಮಿಕ್ ಪದದಿಂದ ಬಂದಿದೆ. ಅದನ್ನು ನಮ್ಮ ‘ಅಪ್ಪ’ನೊಡನೆ ಜೋಡಿಸಿ ಎರಡೂ ಒಂದೇ ಮೂಲದವೆಂದು ವಾದಿಸುವ ಉತ್ಸಾಹಿಗಳಿದ್ದಾರೆ. ಎಳೆಯ ಮಗುವಿನ ತುಟಿಗೆ ಸುಲಭವಾದ ಇಂಥ ಧ್ವನಿಗಳು ಅನೇಕ ಭಾಷೆಗಳಲ್ಲಿ ತಾವಾಗಿಯೇ ಹುಟ್ಟುತ್ತವೆ. ಧ್ವನಿಯ ಹೋಲಿಕೆಯೊಂದನ್ನೇ ನಂಬಿ ನೆಂಟಸ್ತನ ಬೆಳೆಸುವುದು ಸಲ್ಲದು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸಂನ್ಯಾಸಿನಿಯರು ನಮ್ಮ ನಾಡಿಗೂ ಬಂದರು. 1854ರಲ್ಲಿ ‘ಗುಡ್ ಶೆಫರ್ಡ್’ ಸಭೆಯವರು ಬೆಂಗಳೂರಿಗೂ, 1870ರಲ್ಲಿ ಕಾರ್ಮೆಲ್ ಸಭೆಯವರು ಮಂಗಳೂರಿಗೂ ಬಂದು ನೆಲೆಸಿದರು. ತಾವು ವಾಸಿಸುವ ಕಾನ್ವೆಂಟಿಗೆ ಹೊಂದಿಕೊಂಡಂತೆ ಅವರು ಹೆಣ್ಣುಮಕ್ಕಳಿಗಾಗಿ ಶಾಲೆಗಳನ್ನು ತೆರೆದರು. ಹೆಣ್ಣುಮಗಳನ್ನು ಶಾಲೆಗೆ ಕಳುಹಿಸಲು ಜನ ಹಿಂದೆಮುಂದೆ ನೋಡುತ್ತಿದ್ದ ಕಾಲ ಅದು. ಹೆಂಗಸರೇ ನಡೆಸುವ, ಎತ್ತರದ ಗೋಡೆಯೊಳಗಿನ ಶಾಲೆಯಾದ್ದರಿಂದ ಕೆಲವು ತಂದೆತಾಯಿಗಳಿಗೆ ಧೈರ್ಯ ಬಂದಿತು. ಹೀಗೆ ಕಾನ್ವೆಂಟಿನ ಪಕ್ಕದ ಶಾಲೆ ಜನರ ಬಾಯಲ್ಲಿ ‘ಕಾನ್ವೆಂಟ್ ಶಾಲೆ’ಯಾಯಿತು; ಆಮೇಲೆ ‘ಶಾಲೆ’ ಎಂಬುದು ಉದುರಿ ‘ಕಾನ್ವೆಂಟ್’ ಮಾತ್ರ ಉಳಿಯಿತು. ಅಲ್ಲಿಂದ ಮುಂದೆ ಪದ ಇನ್ನೂ ದೂರ ನಡೆಯಿತು. ಸಂನ್ಯಾಸಿನಿಯರ ಸಂಬಂಧವೇ ಇಲ್ಲದ, ಚಿಕ್ಕ ಮಕ್ಕಳಿಗೆ ಇಂಗ್ಲಿಷಿನಲ್ಲಿ ಕಲಿಸುವ ಯಾವ ಶಾಲೆಯಾದರೂ ಕಾನ್ವೆಂಟೇ. ಹಿಂದೂ ದೇವತೆಯ ಹೆಸರನ್ನು ಮುಂದಿಟ್ಟುಕೊಂಡು ಕೊನೆಯಲ್ಲಿ ‘ಕಾನ್ವೆಂಟ್’ ಎಂದು ಬರೆಸಿದ ಫಲಕಗಳನ್ನು ನಮ್ಮ ಊರುಗಳಲ್ಲಿ ನೋಡುತ್ತೇವೆ. ಇಂಗ್ಲೆಂಡಿನಿಂದ ಬಂದವನೊಬ್ಬ ಅದನ್ನು ಓದಿದರೆ ಒಳಗೆ ಸಂನ್ಯಾಸಿನಿಯರು ಧ್ಯಾನ ಮಾಡುತ್ತಿರುವರೆಂದು ಪಾದರಕ್ಷೆ ಕಳಚಿಟ್ಟು ನಿಲ್ಲಬಹುದು!

ಇದನ್ನು ತಪ್ಪು ಪ್ರಯೋಗವೆಂದು ತಳ್ಳಿಹಾಕುವವರು ನಮ್ಮದೇ ಆದ ‘ಮಠ’ ಎಂಬ ಪದದ ಚರಿತ್ರೆಯನ್ನು ನೋಡಬೇಕು. ಸಂಸ್ಕೃತದಲ್ಲಿ ಮಠವೆಂದರೆ ಸಂನ್ಯಾಸಿಗಳೂ ವಿದ್ಯಾರ್ಥಿಗಳೂ ವಾಸಿಸುವ ಕುಟೀರ. ಕನ್ನಡ ನಾಡಿನಲ್ಲಿ ಮಠಗಳು ಪೂಜೆಯ ಜೊತೆಗೆ ಅಕ್ಷರವನ್ನೂ ಅನ್ನವನ್ನೂ ನೀಡುತ್ತ ಬಂದವು. ಹಾಗೆ ಬಂದು, ಸರ್ಕಾರದ ಶಾಲೆಗಳು ಹಳ್ಳಿಗಳಿಗೆ ಬರುವುದಕ್ಕೆ ಮೊದಲು, ಊರಿನವರು ಕೊಡುವ ದವಸಧಾನ್ಯಗಳನ್ನೋ ಚಿಕ್ಕ ಸಂಭಾವನೆಯನ್ನೋ ನೆಚ್ಚಿಕೊಂಡು ಒಬ್ಬ ಉಪಾಧ್ಯಾಯರು ನಡೆಸುತ್ತಿದ್ದ ಪಾಠಶಾಲೆಗೂ ‘ಮಠ’ವೆಂಬ ಹೆಸರೇ ಅಂಟಿತು. ಕೂಲಿ ಪಡೆದು ಕಲಿಸುವ ಮಠವಾದ್ದರಿಂದ ಅದು ‘ಕೂಲಿಮಠ’; ಅಲ್ಲಿ ಕಲಿಸುವವರು ‘ಅಯ್ಯನವರು’. ಜಗಲಿಯ ಮೇಲೋ ಗುಡಿಯ ಪೌಳಿಯಲ್ಲೋ ಮರಳು ಹರಡಿ, ಅದರ ಮೇಲೆ ಬೆರಳಿನಿಂದ ತಿದ್ದಿಸುತ್ತಿದ್ದರು. ಕಾಗುಣಿತ, ಮಗ್ಗಿ, ಕಂಠಪಾಠ, ಕೆಲವೊಮ್ಮೆ ಛಡಿಯೇಟು, ಇವು ಅಲ್ಲಿನ ಪಾಠಕ್ರಮ. ಆ ಕೂಲಿಮಠದಲ್ಲಿ ಯಾವ ಸಂನ್ಯಾಸಿಯೂ ಇರಲಿಲ್ಲ. ಈಗಿನ ಎಷ್ಟೋ ಕಾನ್ವೆಂಟುಗಳಲ್ಲಿ ಸಂನ್ಯಾಸಿನಿಯರಿಲ್ಲ. ವಿರಕ್ತರ ಮನೆಯ ಹೆಸರು ಮಕ್ಕಳ ಶಾಲೆಗೆ ಇಳಿದುಬಂದ ಪ್ರಸಂಗ ಎರಡು ಕಡೆಯೂ ಒಂದೇ. ಬಸ್ಸಿನಲ್ಲಿದ್ದ ಅಜ್ಜಿ ಇಷ್ಟೆಲ್ಲವನ್ನೂ ಬಲ್ಲವಳಾಗಿರಲಿಲ್ಲ. ಆದರೆ ಮೊಮ್ಮಗಳು ಹೇಳಿದ ಮಾತಿನ ಹಿಂದಿನ ವಸ್ತುವನ್ನು ಆಕೆ ಸರಿಯಾಗಿಯೇ ಗುರುತಿಸಿದ್ದಳು. ತಾತ ಮಠದಲ್ಲಿ ಕಲಿತರು, ಮೊಮ್ಮಗಳು ಕಾನ್ವೆಂಟಿನಲ್ಲಿ ಕಲಿಯುತ್ತಾಳೆ. ಪದದ ಅರ್ಥದಲ್ಲಿ ಇವೆರಡೂ ಒಂದೇ ಮಟ್ಟದವು. ತಲೆಯೆತ್ತಿ ಹೇಳುವುದಾದರೆ ಎರಡನ್ನೂ ಹೇಳಬಹುದು.

ಹೆಣ್ಣುಮಕ್ಕಳು ಮನೆಯನ್ನು ತೊರೆದು ವ್ರತಸ್ಥರಾಗಿ ಬಾಳುವುದು ಹೊರಗಿನಿಂದ ಬಂದ ಪದ್ಧತಿಯೆಂದು ಕೆಲವರು ಭಾವಿಸುವುದುಂಟು. ಅಂಥವರು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಹೋಗಿ ಚಂದ್ರಗಿರಿಯನ್ನು ಹತ್ತಿ ಬರಬೇಕು. ಎದುರಿನ ವಿಂಧ್ಯಗಿರಿಯ ಮೇಲೆ ಸುಮಾರು 981ರಲ್ಲಿ ಚಾವುಂಡರಾಯನು ನಿಲ್ಲಿಸಿದ ಗೊಮ್ಮಟನ ಮೂರ್ತಿಯನ್ನು ನೋಡಲು ಎಲ್ಲರೂ ಹೋಗುತ್ತಾರೆ. ಚಿಕ್ಕಬೆಟ್ಟದ ಬಂಡೆಗಳನ್ನು ಬಗ್ಗಿ ನೋಡುವವರು ಕಡಮೆ. ಗೊಮ್ಮಟನಿಗಿಂತ ಸುಮಾರು 300 ವರ್ಷ ಹಿಂದಿನ ಪುಟ್ಟ ಪುಟ್ಟ ಕನ್ನಡ ಶಾಸನಗಳು ಅಲ್ಲಿವೆ. ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟವರ ನೆನಪಿನ ಬರಹಗಳವು. ಅವರಲ್ಲಿ ‘ಗಂತಿ’ ಎಂಬ ಬಿರುದುಳ್ಳ ಹೆಂಗಸರಿದ್ದಾರೆ. ನಾಗಮತಿ ಗಂತಿ, ಶಶಿಮತಿ ಗಂತಿ ಎಂಬ ಹೆಸರುಗಳನ್ನು ಇಂದಿಗೂ ಓದಬಹುದು. ಗಂತಿ ಅಥವಾ ಕಂತಿ ಎಂದರೆ ಜೈನ ಸಂನ್ಯಾಸಿನಿ. ‘ನನ್’ ಎಂಬುದಕ್ಕೆ ಸರಿಯಾದ ಅಚ್ಚ ಹಳಗನ್ನಡ ಪದ. ಆ ಬಂಡೆಯ ಅಕ್ಷರಗಳನ್ನು ಬಿ. ಎಲ್. ರೈಸ್ ಅವರೂ ಅನಂತರ ಆರ್. ನರಸಿಂಹಾಚಾರ್ಯರೂ ಓದಿ ಪ್ರಕಟಿಸದಿದ್ದರೆ ಈ ಪದದ ಪ್ರಾಚೀನತೆ ನಮಗೆ ಇಷ್ಟು ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ.

ಶ್ರವಣಬೆಳಗೊಳದ ಶಾಸನಗಳು ವಿರಕ್ತರ ಸಮುದಾಯವನ್ನು ಸಂಘ, ಗಣ, ಗಚ್ಛ ಎಂದು ವಿಂಗಡಿಸಿ ಹೇಳುತ್ತವೆ. ಮೂಲಸಂಘ, ದೇಶೀಗಣ, ಪುಸ್ತಕಗಚ್ಛ ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ‘ಪುಸ್ತಕ’ ಎಂಬ ಹೆಸರಿನ ಸಂನ್ಯಾಸಿಗಳ ಶಾಖೆ! ಇನ್ನು ‘ಬಸದಿ’ ಎಂಬ ಪದವನ್ನು ನಾವು ಜೈನ ದೇವಾಲಯವೆಂದು ಬಳಸುತ್ತೇವೆ. ಅದು ‘ವಸತಿ’ ಎಂಬುದರ ತದ್ಭವ. ವಾಸದ ಮನೆಯ ಹೆಸರು ಪೂಜೆಯ ಮನೆಗೆ ಹೋಯಿತು. ಅದೇ ‘ವಸತಿ’ ಇಂದು ತತ್ಸಮವಾಗಿ ಬಂದು ‘ವಸತಿ ಶಾಲೆ’ಯಲ್ಲಿ ಕುಳಿತಿದೆ. ಹೊಳೆನರಸೀಪುರದಲ್ಲಿ ಇನ್ನೊಂದು ಬಗೆಯ ನಿದರ್ಶನವಿದೆ. ಶ್ರೀ ಸಚ್ಚಿದಾನಂದೇಂದ್ರ ಸರಸ್ವತಿಗಳು 1920ರಲ್ಲಿ ಸ್ಥಾಪಿಸಿದ, ಅನಂತರ ಹೊಳೆನರಸೀಪುರಕ್ಕೆ ಬಂದು ನೆಲೆಗೊಂಡ ವೇದಾಂತ ಸಂಸ್ಥೆಯ ಹೆಸರು ‘ಅಧ್ಯಾತ್ಮ ಪ್ರಕಾಶ ಕಾರ್ಯಾಲಯ’. ಮಠವೆನ್ನದೆ ಕಾರ್ಯಾಲಯವೆಂದು ಕರೆದದ್ದರಿಂದಲೇ ಅಲ್ಲಿ ಗ್ರಂಥ ಪ್ರಕಟಣೆಯ ಕೆಲಸ ಮುಖ್ಯವೆಂಬುದು ಗೊತ್ತಾಗುತ್ತದೆ.

ಶ್ರವಣಬೆಳಗೊಳದ ಮಾತು ಬಂದಾಗ ‘ಸಮ್ಮೇಳನ’ವನ್ನು ಮರೆಯುವಂತಿಲ್ಲ. ಕೂಡು, ಬೆರೆ ಎಂಬರ್ಥದ ‘ಮಿಲ್’ ಧಾತುವಿನಿಂದ ಬಂದ ಪದವಿದು. ಬಹು ಜನ ಸೇರಿ ಕೆಲವು ದಿನ ನಡೆಸುವ ಸಭೆಯೆಂಬ ಅರ್ಥದಲ್ಲಿ ‘ಕನ್ವೆನ್ಷನ್’ ಎಂಬುದಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ನಮ್ಮ ಜಿಲ್ಲೆ ಇಂಥ ಸಮ್ಮೇಳನಗಳಿಗೆ ಹೊಸದಲ್ಲ. ಸಾಹಿತ್ಯ ಪರಿಷತ್ತು 1915ರಲ್ಲಿ ಸ್ಥಾಪನೆಯಾದ ನಾಲ್ಕೇ ವರ್ಷಕ್ಕೆ, 1919ರಲ್ಲಿ, ಹಾಸನದಲ್ಲಿ ಕರ್ಪೂರ ಶ್ರೀನಿವಾಸರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. 1967ರಲ್ಲಿ ಶ್ರವಣಬೆಳಗೊಳದಲ್ಲಿ ಆ. ನೇ. ಉಪಾಧ್ಯೆ, 1996ರಲ್ಲಿ ಹಾಸನದಲ್ಲಿ ಚೆನ್ನವೀರ ಕಣವಿ, 2015ರಲ್ಲಿ ಮತ್ತೆ ಶ್ರವಣಬೆಳಗೊಳದಲ್ಲಿ ಸಿದ್ಧಲಿಂಗಯ್ಯ, ಇವರು ಅಧ್ಯಕ್ಷರಾಗಿದ್ದರು. ನಮ್ಮ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು 1982ರಲ್ಲಿ ಶಿರಸಿಯ ಸಮ್ಮೇಳನದ ಅಧ್ಯಕ್ಷರು.

ಗೊರೂರಿನ ಹೆಸರು ಇನ್ನೊಂದು ಪದವನ್ನು ನೆನಪಿಗೆ ತರುತ್ತದೆ. ಅಲ್ಲಿ ಹೇಮಾವತಿ ನದಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣವಾಯಿತು. ಜಲಾಶಯದ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ರೋಸರಿ ಚರ್ಚಿದೆ. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿಸಿದ ಎತ್ತರದ ಕಟ್ಟಡವದು. ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಗೋಡೆಗಳು ಅರ್ಧ ಮುಳುಗುತ್ತವೆ. ಬೇಸಿಗೆಯಲ್ಲಿ ನೀರು ಇಳಿದಾಗ ಬಿರುಕುಬಿಟ್ಟ ಕೆಸರಿನ ನಡುವೆ ಬುಡದವರೆಗೆ ಕಾಣುತ್ತವೆ. ನೋಡಲು ಬರುವವರು ಅನೇಕರು. ಆದರೆ ಅಲ್ಲಿ ಭಾನುವಾರ ಸೇರುತ್ತಿದ್ದ ಊರಿನ ಜನ ಬೇರೆಡೆಗೆ ಹೋಗಿ ನೆಲೆಸಬೇಕಾಯಿತು.

ಪೂಜೆಗಾಗಿ ಹೀಗೆ ಸೇರುವ ಜನರ ಗುಂಪಿಗೆ ಇಂಗ್ಲಿಷಿನಲ್ಲಿ ‘ಕಾಂಗ್ರಿಗೇಷನ್’ ಎನ್ನುತ್ತಾರೆ. ಇದರಲ್ಲಿಯೂ ‘ಕಾನ್’ ಇದೆ. ಮುಂದಿನದು ‘ಗ್ರೆಕ್ಸ್’, ಅಂದರೆ ಹಿಂಡು. ಹಿಂಡಾಗಿ ಸೇರುವುದು ಎಂದರ್ಥ. ಮನುಷ್ಯರನ್ನು ಕುರಿದನಗಳಿಗೆ ಹೋಲಿಸುವುದೆ ಎಂದು ಮೂಗು ಮುರಿಯುವ ಮೊದಲು, ವಿದ್ವಾಂಸರು ಸೇರುವ ನಮ್ಮ ‘ಗೋಷ್ಠಿ’ಯನ್ನು ಬಿಡಿಸಿ ನೋಡಿರಿ. ಗೋ ಎಂದರೆ ಹಸು, ಸ್ಥ ಎಂದರೆ ನಿಲ್ಲುವ ಎಡೆ. ಗೋಷ್ಠವೆಂದರೆ ದನದ ಕೊಟ್ಟಿಗೆ! ದನಗಳು ಸಂಜೆ ಬಂದು ಸೇರುವ ಎಡೆ ಮೊದಲು ಜನ ಸೇರುವ ಎಡೆಯಾಗಿ, ಆಮೇಲೆ ಸೇರಿದ ಜನರ ಸಂಭಾಷಣೆಯಾಗಿ ಕವಿಗೋಷ್ಠಿಯವರೆಗೆ ಏರಿತು. ರಾಮನಾಥಪುರದ ಜಾತ್ರೆಯನ್ನಾಗಲಿ, ಬೂಕನಬೆಟ್ಟದ ದನಗಳ ಜಾತ್ರೆಯನ್ನಾಗಲಿ ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಹಳ್ಳಿಕಾರ್ ಎತ್ತುಗಳನ್ನು ಸಾಲಾಗಿ ಕಟ್ಟಿ, ಅವುಗಳ ನಡುವೆಯೇ ಒಲೆ ಹೂಡಿ ರೈತರು ರಾತ್ರಿಯೆಲ್ಲ ಮಾತನಾಡುವ ಮಾತೇ ನಿಜವಾದ ಗೋಷ್ಠಿ.

‘ಚರ್ಚ್’ ಎಂಬುದಕ್ಕೆ ಕಟ್ಟಡವೆಂಬ ಅರ್ಥದಷ್ಟೇ, ನಂಬಿದವರ ಸಮುದಾಯವೆಂಬ ಅರ್ಥವೂ ಮುಖ್ಯ. ಗ್ರೀಕಿನಲ್ಲಿ ಅದನ್ನು ‘ಎಕ್ಲೇಸಿಯ’, ಅಂದರೆ ಕರೆದು ಸೇರಿಸಿದ ಸಭೆ, ಎಂದು ಕರೆದರು. ಆ ಪದ ಪೋರ್ಚುಗೀಸರ ಬಾಯಲ್ಲಿ ‘ಇಗ್ರೇಜ’ವಾಗಿ, ನಮ್ಮ ಕರಾವಳಿಯಲ್ಲಿ ‘ಇಗರ್ಜಿ’ಯಾಗಿ ನಿಂತಿದೆ. ಕನ್ನಡದ ಕ್ರೈಸ್ತರು ಆ ಸಮುದಾಯವನ್ನು ‘ಸಭೆ’ ಎಂದೇ ಕರೆಯುತ್ತಾರೆ. ಶೆಟ್ಟಿಹಳ್ಳಿಯಲ್ಲಿ ನೀರಿಗೆ ಸಿಕ್ಕಿದ್ದು ಕಟ್ಟಡ; ಸಭೆ ಎದ್ದು ಬೇರೆಡೆಗೆ ಹೋಯಿತು. ಎರಡು ಅರ್ಥಗಳ ನಡುವಣ ಅಂತರವನ್ನು ತಿಳಿಯಲು ನಿಘಂಟಿಗಿಂತ ಆ ಗೋಡೆಗಳ ಎದುರು ನಿಲ್ಲುವುದು ಒಳ್ಳೆಯದು.

ಆಳ್ವಿಕೆಗೆ ಸಂಬಂಧಿಸಿದ ಪದಗಳನ್ನು ನೀವು ಸಮಾಜ ಪಾಠದಲ್ಲಿ ಓದಿದ್ದೀರಿ. ಅವನ್ನು ಬೇಗನೆ ನೋಡಿ ಮುಂದೆ ಹೋಗೋಣ. ‘ಅಸೆಂಬ್ಲಿ’ ಎಂದರೆ ಒಟ್ಟುಗೂಡುವುದು. ‘ಕೌನ್ಸಿಲ್’ ಎಂದರೆ ಕರೆಸಿಕೊಂಡವರ ಸಭೆ. ‘ಪಾರ್ಲಿಮೆಂಟ್’ ಎಂಬುದು ಮಾತನಾಡು ಎಂಬರ್ಥದ ಫ್ರೆಂಚ್ ಪದದಿಂದ ಬಂದಿದೆ. ಅದಕ್ಕೆ ನಾವು ಬಳಸುವ ‘ಸಂಸತ್ತು’ ಎಂಬುದರಲ್ಲಿ ಕುಳಿತುಕೊಳ್ಳು ಎಂಬರ್ಥದ ‘ಸದ್’ ಧಾತುವಿದೆ. ಸುತ್ತ ಕುಳಿತರೆ ಪರಿಷತ್ತು, ಗುರುವಿನ ಹತ್ತಿರ ಕುಳಿತರೆ ಉಪನಿಷತ್ತು. ಅವರು ಮಾತಿಗೆ ಪ್ರಾಧಾನ್ಯ ಕೊಟ್ಟರು, ನಾವು ಆಸನಕ್ಕೆ ಕೊಟ್ಟೆವು! 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದ ಮೈಸೂರು ಪ್ರಜಾಪ್ರತಿನಿಧಿ ಸಭೆ ಇಂಗ್ಲಿಷಿನಲ್ಲಿ ‘ಅಸೆಂಬ್ಲಿ’ ಎನಿಸಿಕೊಂಡಿತು. ಮೊದಲಲ್ಲಿ ಅದಕ್ಕೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ದಸರೆಯ ಸಮಯದಲ್ಲಿ ಸೇರಿ ಅಹವಾಲು ಹೇಳಿಕೊಳ್ಳುವುದಷ್ಟೇ ಅದರ ಕೆಲಸ. 1907ರಲ್ಲಿ ಅದರ ಜೊತೆಗೆ ‘ಕೌನ್ಸಿಲ್’ ಬಂದಿತು. ವಿಧಾನಸಭೆ, ವಿಧಾನ ಪರಿಷತ್ತು ಎಂಬ ಈಗಿನ ಜೋಡಿಯ ಹಿಂದೆ ಆ ಹಳೆಯ ಜೋಡಿಯ ನೆನಪಿದೆ. ಐವರು ಹಿರಿಯರ ಕೂಟವಾದ್ದರಿಂದ ಪಂಚಾಯಿತಿಗೆ ಆ ಹೆಸರು ಬಂತೆಂದು ಬಲ್ಲಿರಷ್ಟೆ. ತಮಾಷೆಯೆಂದರೆ, ದುರುದ್ದೇಶದಿಂದ ಸೇರಿದ ಗುಂಪು ‘ಅಕ್ರಮ ಕೂಟ’ವೆನಿಸಲು ನಮ್ಮ ಅಪರಾಧ ಕಾನೂನೂ ಐದು ಜನರ ಲೆಕ್ಕವನ್ನೇ ಇಟ್ಟಿದೆ.

‘ಸೆಮಿನಾರ್’ ಎಂಬ ಪದದ ಮೂಲಾರ್ಥ ರೈತರ ಮಕ್ಕಳಿಗೆ ಪ್ರಿಯವಾದೀತು. ಲ್ಯಾಟಿನ್ನಿನಲ್ಲಿ ‘ಸೆಮೆನ್’ ಎಂದರೆ ಬೀಜ. ‘ಸೆಮಿನಾರಿಯುಮ್’ ಎಂದರೆ ಸಸಿಮಡಿ. ಅದಕ್ಕೆ ನಾವು ಇಟ್ಟ ‘ವಿಚಾರ ಸಂಕಿರಣ’ ಎಂಬ ಹೆಸರಿನ ಒಳಗೂ ಚೆಲ್ಲು, ಹರಡು ಎಂಬ ಅರ್ಥದ ಧಾತುವಿದೆ. ಅಲ್ಲಿ ಬೀಜ, ಇಲ್ಲಿ ಬಿತ್ತನೆ! ‘ಸಿಂಪೋಸಿಯಂ’ ಎಂಬುದು ಗ್ರೀಕರಲ್ಲಿ ಊಟವಾದ ಮೇಲೆ ಕೂಡಿ ದ್ರಾಕ್ಷಾರಸ ಕುಡಿಯುತ್ತ ನಡೆಸುವ ಸಂವಾದ. ನಮ್ಮ ವಿಚಾರಗೋಷ್ಠಿಗಳಲ್ಲಿ ಸಕಲೇಶಪುರದ ಕಡೆಯ ಕಾಫಿಯಿಂದ ಆ ಕೆಲಸ ನಡೆದುಹೋಗುತ್ತದೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಸಂಗೀತಗಾರರ ಊರು. ಅಲ್ಲಿ ‘ಕಚೇರಿ’ ಎಂದರೆ ಸಂಗೀತದ ಕೂಟ. ಅಲ್ಲಿಂದ ಅರಕಲಗೂಡಿಗೆ ಬಂದರೆ ‘ಕಚೇರಿ’ ಎಂದರೆ ತಹಸೀಲ್ದಾರರ ಕಾರ್ಯಸ್ಥಾನ. ಜನ ಸೇರುವುದೆಂಬ ಒಂದೇ ಗುಣ ಇವೆರಡಕ್ಕೂ ಸಾಮಾನ್ಯ; ಬೇರೆ ಸಾಮ್ಯ ಹುಡುಕುವುದು ಕಷ್ಟ.

ಕೊನೆಗೆ ಉಳಿದದ್ದು ‘ಕನ್ವೆನ್ಷನ್’. ಈ ಪದದ ವಿಷಯದಲ್ಲಿ ಎಚ್ಚರ ಬೇಕು. ಅದಕ್ಕೆ ಮೂರು ಅರ್ಥಗಳಿವೆ. ಜನ ಕೂಡುವ ದೊಡ್ಡ ಸಭೆ ಮೊದಲನೆಯದು. 1787ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಸಂವಿಧಾನವನ್ನು ರಚಿಸಿದ ಸಭೆ ಇದಕ್ಕೆ ಪ್ರಸಿದ್ಧ ನಿದರ್ಶನ. ಕೂಡಿದವರು ಒಂದು ಮಾತಿಗೆ ಬಂದರೆ ಆ ಒಪ್ಪಂದವೂ ‘ಕನ್ವೆನ್ಷನ್’. ಯುದ್ಧದಲ್ಲಿ ಗಾಯಗೊಂಡವರನ್ನೂ ಸೆರೆಯಾದವರನ್ನೂ ಹೇಗೆ ನಡೆಸಿಕೊಳ್ಳಬೇಕೆಂದು ವಿಧಿಸುವ 1949ರ ಜಿನೀವಾ ಒಪ್ಪಂದಗಳು ಈ ಬಗೆಯವು. ಒಪ್ಪಿದ್ದನ್ನು ಬಹುಕಾಲ ನಡೆಸಿಕೊಂಡು ಬಂದರೆ ಅದು ರೂಢಿಯಾಗುತ್ತದೆ. ಆ ರೂಢಿಗೂ ಇಂಗ್ಲಿಷಿನಲ್ಲಿ ಅದೇ ಹೆಸರು. ಹಿರಿಯರು ಒಳಗೆ ಬಂದಾಗ ನಾವು ಎದ್ದು ನಿಲ್ಲುವುದು ಅಂಥ ರೂಢಿ. ಎಲ್ಲಿಯೂ ಬರೆದಿಟ್ಟಿಲ್ಲದಿದ್ದರೂ ಅದು ನಡೆಯುತ್ತದೆ. ಕನ್ನಡದಲ್ಲಿ ನಾವು ಇವಕ್ಕೆ ಸಮ್ಮೇಳನ, ಒಡಂಬಡಿಕೆ, ವಾಡಿಕೆ ಎಂದು ಮೂರು ಬೇರೆ ಬೇರೆ ಮಾತುಗಳನ್ನು ಇಟ್ಟುಕೊಂಡಿದ್ದೇವೆ. ಈ ವಿಷಯದಲ್ಲಿ ಕನ್ನಡವೇ ಹೆಚ್ಚು ಸ್ಪಷ್ಟವೆಂದು ನನ್ನ ಅಭಿಪ್ರಾಯ. ಆದರೆ ಭಾಷಾಂತರ ಮಾಡುವವನು ಎಚ್ಚರ ತಪ್ಪಿದರೆ ಆ ಸ್ಪಷ್ಟತೆಯೇ ಅಪಾಯಕ್ಕೆ ಎಡೆಗೊಡುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. 1989ನೆಯ ನವೆಂಬರ್ 20ರಂದು ವಿಶ್ವಸಂಸ್ಥೆಯ ಮಹಾಸಭೆ ಮಕ್ಕಳ ಹಕ್ಕುಗಳನ್ನು ಕುರಿತು ಒಂದು ‘ಕನ್ವೆನ್ಷನ್’ ಅನ್ನು ಅಂಗೀಕರಿಸಿತು. ಅದರಲ್ಲಿ 54 ಅನುಚ್ಛೇದಗಳಿವೆ. 1992ರ ಡಿಸೆಂಬರಿನಲ್ಲಿ ಭಾರತವೂ ಅದನ್ನು ಒಪ್ಪಿಕೊಂಡಿತು. ಅದನ್ನು ಯಾರಾದರೂ ‘ಮಕ್ಕಳ ಹಕ್ಕುಗಳ ಸಮ್ಮೇಳನ’ ಎಂದು ಕನ್ನಡಕ್ಕೆ ತಂದರೆ ಏನಾಗುತ್ತದೆ? ಓದಿದವರು ಎಲ್ಲೋ ವಿದೇಶದಲ್ಲಿ ಒಂದು ಸಭೆ ನಡೆಯಿತು, ಭಾಷಣಗಳಾದವು, ಎಲ್ಲರೂ ಮನೆಗೆ ಹೋದರು ಎಂದು ತಿಳಿದುಕೊಳ್ಳುತ್ತಾರೆ. ಸಮ್ಮೇಳನ ಮೂರು ದಿನದಲ್ಲಿ ಮುಗಿಯುತ್ತದೆ, ಚಪ್ಪರ ಬಿಚ್ಚುತ್ತಾರೆ. ಒಡಂಬಡಿಕೆ ಹಾಗಲ್ಲ, ಒಪ್ಪಿದ ಸರ್ಕಾರವನ್ನು ಅದು ಕಟ್ಟಿಹಾಕುತ್ತದೆ. ಓದಬೇಕಾದ ವಯಸ್ಸಿನಲ್ಲಿ ಇಟ್ಟಿಗೆ ಗೂಡಿನಲ್ಲಿ ದುಡಿಯುವ ಹುಡುಗನಿಗೆ ತನ್ನ ಹಕ್ಕು ಒಂದು ಮುಗಿದುಹೋದ ಸಭೆಯಲ್ಲಿದೆಯೋ, ಇಂದಿಗೂ ಬಾಳುವ ಒಡಂಬಡಿಕೆಯಲ್ಲಿದೆಯೋ ಎಂಬುದು ಸಣ್ಣ ವಿಚಾರವಲ್ಲ. ಅದು ‘ಮಕ್ಕಳ ಹಕ್ಕುಗಳ ಒಡಂಬಡಿಕೆ’ ಎಂದೇ ಕನ್ನಡದಲ್ಲಿ ಬಳಕೆಗೆ ಬಂದಿರುವುದು ಸರಿಯಾಗಿದೆ.

ಆ ಒಡಂಬಡಿಕೆಯ 12ನೆಯ ಅನುಚ್ಛೇದದಲ್ಲಿ, ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗೆ ಇದೆಯೆಂದು ಹೇಳಿದೆ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆ ಅದಕ್ಕೆ ಒಂದು ಎಡೆ. ಶಾಲೆಗೆ ಬರುವ ದಾರಿಯಲ್ಲಿ ಹಳ್ಳಕ್ಕೆ ಸೇತುವೆಯಿಲ್ಲ, ಶೌಚಾಲಯದಲ್ಲಿ ನೀರಿಲ್ಲ, ಬಸ್ಸು ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂದು ಎದ್ದು ನಿಂತು ಹೇಳಲು ಅಲ್ಲಿ ಅವಕಾಶವುಂಟು. ಹೇಳಿದ್ದನ್ನು ನಡಾವಳಿಯಲ್ಲಿ ಬರೆಯಿಸಿಕೊಳ್ಳುವುದನ್ನು ಮಾತ್ರ ಮರೆಯಬಾರದು. ಅಲ್ಲಿ ಎದ್ದು ನಿಂತವಳು ಕಾನ್ವೆಂಟಿನ ಹುಡುಗಿಯೇ, ಸರ್ಕಾರಿ ಶಾಲೆಯ ಹುಡುಗಿಯೇ ಎಂದು ಯಾರೂ ಕೇಳುವಂತಿಲ್ಲ. ಇನ್ನು 15ನೆಯ ಅನುಚ್ಛೇದವೊಂದಿದೆ. ಮಕ್ಕಳು ಸಂಘ ಕಟ್ಟಿಕೊಳ್ಳಬಹುದು, ಶಾಂತಿಯಿಂದ ಸಭೆ ಸೇರಬಹುದು ಎಂದು ಅದು ಹೇಳುತ್ತದೆ. ಕೂಡಿ ಬಂದವರು ಮಾಡಿದ ಒಡಂಬಡಿಕೆಯೊಳಗೆ, ಕೂಡಿ ಬರುವ ಹಕ್ಕನ್ನು ಮಕ್ಕಳಿಗೂ ಬರೆದಿಟ್ಟಿದ್ದಾರೆ.